ಆಷಾಢ ಕಳೀಲಿ

ವಿಜಯನಗರ ಮೂರನೇ ಹಂತದ ಆ ನಾಲ್ಕೈದು ಬೀದಿಗಳಲ್ಲಿ ಸದಾಶಿವಯ್ಯನವರನ್ನು ಒಂದು ಮಾತು ಕೇಳದೆ ಯಾರೂ ಏನನ್ನೂ ಮಾಡುತ್ತಿರಲಿಲ್ಲ. ಮಗನನ್ನು ಪಿಯುಸಿಗೆ ಹಾಕುವುದೋ ಡಿಪ್ಲೊಮಾಗೋ, ಬೋರು ಎಲ್ಲಿ ಕೊರೆಸುವುದು, ಸೊಸೆ ಬೇರೆ ಮನೆ ಮಾಡುತ್ತೇನೆ ಅಂದರೆ ಹೂಂ ಅನ್ನುವುದೋ ಬೇಡವೋ, ಎಲ್ಲಕ್ಕೂ "ಅಯ್ನೋರ್ನ ಒಂದ್ ಮಾತು ಕೇಳ್ಬುಡಿ" ಅನ್ನುವರು. ಮೇಟಗಳ್ಳಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ನಾಲ್ಕು ವರ್ಷ ಕೂತು ರಿಟೈರಾದ ಮನುಷ್ಯ. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು. ಕೆಲಸದಲ್ಲಿದ್ದಾಗ ರಜೆ, ಪಿಎಫ್ಫು, ಮೆಮೋ ಅಂತ ಜನ ಅವರ ಮೇಜು ಮುತ್ತಿಕೊಳ್ಳುತ್ತಿದ್ದರು. ರಿಟೈರಾದ ಮೇಲೆ ಅದೇ ಗುಂಪು ಮನೆಯ ಜಗಲಿಗೆ ಬಂತು, ಅಷ್ಟೇ.

ಅವರ ಸಲಹೆ ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತಿತ್ತು. "ಅವಸರ ಬೇಡ. ಸ್ವಲ್ಪ ತಡೀರಿ. ನಾನಿದ್ದೀನಲ್ಲ." ಆ ಮಾತಿನಿಂದ ಎಷ್ಟೋ ಮನೆಯ ಜಗಳ ತಣ್ಣಗಾಗಿದ್ದು ನಿಜ, ಅದನ್ನು ಇಲ್ಲ ಅನ್ನುವುದು ಬೇಡ. ಆದರೆ ತಡೆದರೆ ಕೆಟ್ಟೇ ಹೋಗುವ ಕೆಲಸಗಳೂ ಇವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳುವವರು ಯಾರು, ಬರುವವರೆಲ್ಲ ಕೇಳುವುದಕ್ಕೇ ಬಂದವರು. ಹೆಂಡತಿ ಮಂಜುಳಮ್ಮನಿಗೆ ಮಾತ್ರ ಗಂಡ ಏನು ಅಂತ ಗೊತ್ತಿತ್ತು. ಈ ಮನುಷ್ಯನಿಗೆ ಯಾರ ಬಾಯಲ್ಲೂ ಕೆಟ್ಟವನು ಅನ್ನಿಸಿಕೊಳ್ಳುವ ಧೈರ್ಯ ಇಲ್ಲ ಅನ್ನುವುದನ್ನು ಆಕೆ ಮದುವೆಯಾದ ಮೊದಲ ವರ್ಷವೇ ಕಂಡುಕೊಂಡಿದ್ದರು. ಕಂಡುಕೊಂಡು ಮೂವತ್ತೊಂಬತ್ತು ವರ್ಷ ಸುಮ್ಮನಿದ್ದರು.

ಎರಡು ವರ್ಷದ ಹಿಂದೆ, ಜ್ಯೇಷ್ಠ ಮಾಸ ಮುಗಿಯುತ್ತ ಬಂದಿದ್ದಾಗ, ಒಂದು ಭಾನುವಾರ ಬೆಳಗ್ಗೆ ನಿಶ್ಚಿತಾ ಮತ್ತು ಪ್ರಸಾದ್ ಇಬ್ಬರೂ ಒಟ್ಟಿಗೆ ಅವರ ಮನೆಗೆ ಬಂದರು.

ನಿಶ್ಚಿತಾ ಅದೇ ಬೀದಿಯ ತುದಿಯಲ್ಲಿ ಪ್ಲೈವುಡ್ ಅಂಗಡಿ ಇಟ್ಟಿರುವ ಮಹಾಂತೇಶನ ಮಗಳು. ಹುಟ್ಟಿದ ಕೂಸಿಗೆ ಲಿಂಗ ಕಟ್ಟಿದ್ದೇ ಸದಾಶಿವಯ್ಯ. ಮಾತು ಬಂದಾಗಿನಿಂದ ಅವಳು ಅವರನ್ನು ತಾತ ಅನ್ನುವಳು. ಬಿ.ಎಡ್. ಮುಗಿಸಿ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ಪ್ರಸಾದ್ ಹಿನಕಲ್ಲಿನ ಒಕ್ಕಲಿಗರ ಹುಡುಗ. ಅವನಪ್ಪ ಕೃಷ್ಣಪ್ಪ ಸದಾಶಿವಯ್ಯನವರ ಕಾರ್ಖಾನೆಯಲ್ಲೇ ಫಿಟ್ಟರಾಗಿದ್ದವನು, ಸರ್ವೀಸಿನಲ್ಲಿದ್ದಾಗಲೇ ತೀರಿಕೊಂಡ. ಅರ್ಜಿ ಬರೆಸಿ, ನಾಲ್ಕು ಬಾಗಿಲು ತಟ್ಟಿ, ಮಗನಿಗೆ ಅಲ್ಲೇ ಕೆಲಸ ಕೊಡಿಸಿದ್ದು ಇವರೇ. ಹೀಗಾಗಿ ಊರಿನಲ್ಲಿ ಇನ್ನೆಲ್ಲಿ ಬಾಯಿ ಬಿಡಲು ಹೆದರಿದರೂ ಈ ಮನೆಯಲ್ಲಿ ಆ ಇಬ್ಬರಿಗೂ ಹೆದರಿಕೆ ಇರಲಿಲ್ಲ.

"ತಾತ, ನಾಳೆ ಮದ್ವೆ ಆಗ್ತಿದೀವಿ," ಅಂದಳು ನಿಶ್ಚಿತಾ. ಮೂರು ವರ್ಷದ ಪ್ರೀತಿಯನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸಿ ಕೆಲಸದ ವಿಷಯಕ್ಕೆ ಬಂದಳು. "ಬೆಳಗ್ಗೆ ಗುಡೀಲಿ ತಾಳಿ. ಮಧ್ಯಾಹ್ನ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ. ಪ್ರಸಾದ್ ಅಮ್ಮ ಒಪ್ಪಿದಾರೆ. ಸಾಕ್ಷಿಗೆ ಮೂರು ಜನ ಬೇಕು. ಅವರಮ್ಮ ಒಬ್ರು, ನನ್ನ ಫ್ರೆಂಡ್ ಲಾಸ್ಯ ಒಬ್ಳು. ಇನ್ನೊಬ್ರು ನೀವು ಬನ್ನಿ. ನೀವು ನಿಂತ್ರೆ ಆಮೇಲೆ ಅಪ್ಪ ಎಷ್ಟು ಕೂಗಾಡಿದ್ರೂ ಕೈ ಎತ್ತಲ್ಲ."

ಕೇಳಿದ್ದು ಅಷ್ಟೇ. ಒಂದು ರುಜು. ಕಾಸು ಕೇಳಲಿಲ್ಲ, ಮನೆ ಕೇಳಲಿಲ್ಲ. ಸದಾಶಿವಯ್ಯ ಕಾಫಿ ಲೋಟ ಎತ್ತಿಕೊಂಡರು. ಕಾಗದದ ಮೇಲೆ ತಮ್ಮ ಹೆಸರು, ಅದರ ಮುಂದೆ ವಿಳಾಸ, ಅದರ ಫೋಟೋ ಮಹಾಂತೇಶನ ಮೊಬೈಲಿನಲ್ಲಿ, ಮಠದ ಸಮಿತಿಯವರ ಮೊಬೈಲಿನಲ್ಲಿ. ಅಯ್ನೋರೇ ಮುಂದೆ ನಿಂತು ನಮ್ಮ ಹುಡುಗೀನ ಗೌಡ್ರ ಮನೆಗೆ ಕಳಿಸಿದ್ರಂತೆ. ಇಷ್ಟು ಅವರ ತಲೆಯೊಳಗೆ ಓಡುವುದಕ್ಕೆ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತು ಸಾಕಾಯಿತು. ಒಂದು ನೆಪ ಬೇಕಾಗಿತ್ತು. ಗೋಡೆಯ ಮೇಲೆ ಕ್ಯಾಲೆಂಡರು ತೂಗುತ್ತಿತ್ತು.

"ಮಗಳೇ, ಗುರುವಾರಕ್ಕೆ ಆಷಾಢ ಹುಟ್ಟುತ್ತೆ," ಅಂದರು. "ಹೊಸ ಹೆಣ್ಣು ಆಷಾಢದಲ್ಲಿ ಅತ್ತೆ ಮನೇಲಿ ಇರೋ ಹಾಗಿಲ್ಲ, ತವರಿಗೆ ಹೋಗ್ಬೇಕು. ಅಪ್ಪನ್ನ ಬಿಟ್ಟು ಓಡ್ಹೋಗಿ ಮದ್ವೆ ಆದ್ರೆ ನೀನು ಯಾವ ತವರಿಗೆ ಹೋಗ್ತೀಯ?"

ಹುಡುಗಿಯ ಮುಖ ಬಾಡಿಹೋಯಿತು. ಎಲ್ಲಿ ಒತ್ತಿದರೆ ನೋಯುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಊರಿನ ಸಂಸಾರವನ್ನೆಲ್ಲ ಬಗೆಹರಿಸಿದ ಕೈ ಅದು.

ಪ್ರಸಾದ್ ಮೆಲ್ಲಗೆ, "ಸರ್, ಬಸವ ಜಯಂತಿ ದಿನ ನೀವೇ ಸ್ಟೇಜ್ ಮೇಲೆ ಹೇಳಿದ್ರಲ್ಲ, ವಾರ ತಿಥಿ ಎಲ್ಲ ಮನುಷ್ಯ ಮಾಡ್ಕೊಂಡಿದ್ದು ಅಂತ," ಅಂದ.

"ಅದು ಭಾಷಣ ಕಣಪ್ಪ. ಇದು ಸಂಸಾರ." ಸದಾಶಿವಯ್ಯ ನಕ್ಕರು. "ಒಂದು ತಿಂಗಳು ತಡೀರಿ. ಆಷಾಢ ಕಳೀಲಿ. ಅಷ್ಟರಲ್ಲಿ ಮಹಾಂತೇಶನ್ನ ನಾನು ದಾರಿಗೆ ತರ್ತೀನಿ. ಶ್ರಾವಣದಲ್ಲಿ ನಿಮ್ಮಪ್ಪನೇ ನಿಂತು ಧಾರೆ ಎರೀಬೇಕು, ಹಂಗೆ ಮಾಡಿಸ್ತೀನಿ. ಕದ್ದು ಯಾಕೆ ಮಾಡ್ಕೋತೀರಿ, ನಾನಿದ್ದೀನಲ್ಲ."

ಯಾವ ಹುಡುಗಿಗೆ ತಾನೇ ಅಪ್ಪ ಧಾರೆ ಎರೆಯುವುದು ಬೇಡ. ನಿಶ್ಚಿತಾ ಪ್ರಸಾದನ ಮುಖ ನೋಡಿದಳು, ಅವನು ಇವರ ಮುಖ ನೋಡಿದ, ಆಯಿತು ಅಂದರು. ಎದ್ದು ನಿಂತವಳು ಒಂದೇ ಒಂದು ಮಾತು ಕೇಳಿಕೊಂಡಳು. "ಅಪ್ಪಂಗೆ ಈಗ್ಲೇ ಹೇಳ್ಬೇಡಿ ತಾತ. ಶ್ರಾವಣ ಹತ್ರ ಬಂದಾಗ ಹೇಳಿ. ಅಪ್ಪ ಹೆಂಗೆ ಅಂತ ನಂಗೊತ್ತು."

"ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಓಡಾಡೋವಾಗಿಂದ ನೋಡಿದೀನಿ ಕಣಮ್ಮ. ನೀನು ನೆಮ್ಮದಿಯಾಗಿರು."

ಮೂರು ದಿನ ತಡೆದರು, ಅಷ್ಟೇ. ಊರಿಗೆಲ್ಲ ತಡೀರಿ ಅನ್ನುವವರಿಗೆ ಇದೊಂದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನಾಳೆ ಬೇರೆ ಯಾರ ಬಾಯಿಂದಲಾದರೂ ಗೊತ್ತಾಗಿ, ನಿಮಗೆ ಮೊದಲೇ ತಿಳಿದಿತ್ತಂತಲ್ಲ ಅಯ್ನೋರೆ ಅಂತ ಮಹಾಂತೇಶ ಕೇಳಿಬಿಟ್ಟರೆ? ಬುಧವಾರ ಅವನ ಮನೆಗೆ ಹೋಗಿ ಎಲ್ಲ ಹೇಳಿದರು. ತಾವು ಮದುವೆ ತಪ್ಪಿಸಿದ್ದನ್ನು ಮೊದಲು ಹೇಳಿದರು, ಆಮೇಲೆ ಉಳಿದದ್ದು.

ಮಹಾಂತೇಶ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕೇಳಿಸಿಕೊಂಡು ದೇವರ ಕೋಣೆಗೆ ಹೋಗಿ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದ. "ಇದನ್ನ ಮುಟ್ಟಿ ಹೇಳ್ತೀನಿ ಅಯ್ನೋರೆ. ಮಗಳ ಮೇಲೆ ಕೈ ಮಾಡಲ್ಲ. ನೀವು ಹೇಳ್ದಂಗೆ ಆಷಾಢ ಕಳೀಲಿ, ಕೂತು ಮಾತಾಡಣ. ಅಲ್ಲೀತನಕ ಅವಳು ನಮ್ಮಕ್ಕನ ಮನೇಲಿರ್ಲಿ. ಫೋನು ಬೇಡ. ಅದನ್ನ ನೀವೇ ಅವಳಿಗೆ ಹೇಳಿ, ನೀವು ಹೇಳಿದ್ರೆ ಕೇಳ್ತಾಳೆ."

ವಿಭೂತಿ ಮುಟ್ಟಿ ಆಣೆ ಮಾಡಿದ ಮೇಲೆ ಇನ್ನೇನು ಬೇಕು ಅಂದುಕೊಂಡರು ಸದಾಶಿವಯ್ಯ. ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿ. ಅವರೇ ನಿಶ್ಚಿತಾಳನ್ನು ಕರೆದು, "ಫೋನ್ ಕೊಟ್ಬಿಡು ಮಗಳೇ, ಅಪ್ಪಂಗೆ ನಿನ್ನ ಮೇಲೆ ನಂಬಿಕೆ ಬರುತ್ತೆ," ಅಂದರು. ಅವಳು ಅವರನ್ನು ಒಂದು ಸಲ ನೋಡಿದಳು. ನೋಡಿ ಫೋನು ಕೊಟ್ಟಳು. ಮಾರನೇ ದಿನ ಗುಂಡ್ಲುಪೇಟೆಯ ಸೋದರತ್ತೆ ಇಂದ್ರಮ್ಮನ ಮನೆಗೆ ಕರೆದುಕೊಂಡು ಹೋದರು. ಮಹಾಂತೇಶ ಆಣೆ ಮೀರಲಿಲ್ಲ. ಮಗಳ ಮೇಲೆ ಕೈ ಮಾಡಲಿಲ್ಲ.

ಎರಡು ವಾರ ಕಳೆಯಿತು. ಆಷಾಢದ ಮೂರನೇ ಶುಕ್ರವಾರಕ್ಕೆ ಎರಡು ದಿನ ಇದೆ ಅನ್ನುವಾಗ ಮಧ್ಯಾಹ್ನ ಸದಾಶಿವಯ್ಯನವರ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಮಂಜುಳಮ್ಮ ಎತ್ತಿದರು, ದನಿ ಗುರುತು ಹಿಡಿದು ಗಂಡನ ಕೈಗೆ ಕೊಟ್ಟು ಅಲ್ಲೇ ನಿಂತರು. ಪಕ್ಕದ ಮನೆಯವರ ಫೋನು ಈಸಿಕೊಂಡು ನಿಶ್ಚಿತಾ ಮಾತಾಡುತ್ತಿದ್ದಳು. ಪ್ರಸಾದನ ನಂಬರು ಅವಳಿಗೆ ನೆನಪಿರಲಿಲ್ಲ. ಈಗ ಯಾರು ನಂಬರು ನೆನಪಿಟ್ಟುಕೊಳ್ಳುತ್ತಾರೆ. ಬಾಯಿಪಾಠ ಇದ್ದದ್ದು ಎರಡೇ, ಒಂದು ಅಪ್ಪಂದು, ಇನ್ನೊಂದು ಚಿಕ್ಕಂದಿನಿಂದ ಕೇಳಿದ ತಾತಂದು.

"ತಾತ, ಅತ್ತೆ ಅವರ ಮಗನಿಗೇ ನನ್ನ ತರ್ತಾರಂತೆ. ಎಲ್ಲ ಮಾತಾಗೋಗಿದೆ. ಶುಕ್ರವಾರ ದೇವಿ ಪೂಜೆಗೆ ಅಂತ ಬೆಟ್ಟಕ್ಕೆ ಬರ್ತಿದೀವಿ. ಅತ್ತೆಗೆ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚೋ ಹರಕೆ ಇದೆ. ಅವರು ಬಗ್ಗಿ ಹಚ್ಕೊಂಡು ಹತ್ತುತಾ ಇರ್ತಾರೆ, ನಾನು ಹಿಂದೆ ಉಳ್ಕೊಂಡು ಇಳಿದು ಬಂದ್ಬಿಡ್ತೀನಿ. ಬೆಳಗ್ಗೆ ಆರಕ್ಕೆ ಮೆಟ್ಟಿಲ ಬುಡದಲ್ಲಿ ನಿಂತಿರು ಅಂತ ಪ್ರಸಾದ್‌ಗೆ ಹೇಳಿ. ಇಷ್ಟು ಮಾಡಿ ತಾತ. ಇನ್ನೊಂದ್ಸಲ ಫೋನ್ ಸಿಗಲ್ಲ."

"ಆಗ್ಲಿ ಮಗಳೇ. ಹೇಳ್ತೀನಿ," ಅಂದರು ಸದಾಶಿವಯ್ಯ.

ಅಂದಿದ್ದು ಸುಳ್ಳು ಅಂತಲ್ಲ. ಹೇಳಬೇಕು ಅಂತಲೇ ಅಂದರು. ಆದರೆ ಫೋನು ಇಟ್ಟ ಮೇಲೆ ಯೋಚನೆ ಶುರುವಾಯಿತು. ನನ್ನ ಮಾತಿನ ಮೇಲೆ ಮಹಾಂತೇಶ ಇಷ್ಟು ದಿನ ಸುಮ್ಮನಿದ್ದಾನೆ. ಈಗ ಹುಡುಗಿ ಓಡಿಹೋದರೆ, ಹೇಳಿ ಕಳಿಸಿದ್ದು ನಾನೇ ಅಂತ ಆಗುತ್ತದೆ. ಬೆಟ್ಟದ ಮೇಲೆ ಆ ಜನಜಂಗುಳಿಯಲ್ಲಿ ಬಡಿದಾಟ ಆದರೆ? ಇನ್ನೊಂದು ಸಲ ಮಹಾಂತೇಶನ ಹತ್ತಿರ ಕೂತು ಮಾತಾಡಿದರೆ ಆಗಿಹೋಗುತ್ತದೆ. ಹೀಗೆ ಬುಧವಾರ ಹೋಯಿತು. ಮಂಜುಳಮ್ಮ ಊಟಕ್ಕೆ ಬಡಿಸುತ್ತ, "ಆ ಹುಡುಗನಿಗೆ ಹೇಳಿದ್ರಾ?" ಅಂದರು.

"ನಿಂಗೊತ್ತಾಗಲ್ಲ, ಸುಮ್ನಿರು."

ಆಕೆ ಮತ್ತೆ ಸಾರು ಬಡಿಸಿದರು.

ಗುರುವಾರ ಸಂಜೆ ಪ್ರಸಾದ್ ತಾನೇ ಬಂದ. ಅವರು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಫೋನು ಮಾಡಬೇಕಾಗಿರಲಿಲ್ಲ. ಶಿಫ್ಟು ಮುಗಿಸಿ ಮೇಟಗಳ್ಳಿಯಿಂದ ನೆಟ್ಟಗೆ ಬಂದು ಜಗಲಿಯ ಮೆಟ್ಟಿಲ ಹತ್ತಿರ ನಿಂತುಕೊಂಡ. "ಸರ್, ನಿಶ್ಚಿತಾಂದು ಏನಾದ್ರೂ ಸುದ್ದಿ ಇದ್ಯಾ?"

ಸದಾಶಿವಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಒರೆಸುತ್ತಲೇ, "ಇಲ್ಲಪ್ಪ. ಏನೂ ಇಲ್ಲ," ಅಂದರು.

"ಒಂದು ಮಾತೂ ಹೇಳಿ ಕಳಿಸಿಲ್ವಾ ಸರ್?"

"ಇಲ್ಲ ಕಣಪ್ಪ. ನೋಡು, ಹುಡುಗಿ ಅಂದ್ಮೇಲೆ ಮನೆಯವರ ಮಾತಿಗೆ ಮನಸ್ಸು ತಿರುಗೋದೂ ಉಂಟು. ನೀನು ತಾಳ್ಮೆ ತಗೋ. ಅವಸರ ಬೇಡ."

ಹುಡುಗ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಬರ್ತೀನಿ ಸರ್ ಅಂದು ಹೋದ. ಒಳಗಡೆ ಅಕ್ಕಿ ಆರಿಸುತ್ತ ಕೂತಿದ್ದ ಮಂಜುಳಮ್ಮನಿಗೆ ಪ್ರತಿಯೊಂದು ಮಾತೂ ಕೇಳಿಸಿತು. ಎದ್ದು ಓಡಿಹೋಗಿ ಗೇಟಿನಲ್ಲಿ ಅವನನ್ನು ನಿಲ್ಲಿಸಿ ಹೇಳಿದ್ದರೆ ಆಗುತ್ತಿತ್ತು. ಆಕೆ ಏಳಲಿಲ್ಲ. ಗಂಡ ಒಂದು ಮಾತು ಆಡಿದ ಮೇಲೆ ಹೊರಗಿನವರ ಎದುರು ಅದನ್ನು ಸುಳ್ಳು ಮಾಡಿ ಆಕೆಗೆ ಅಭ್ಯಾಸವಿರಲಿಲ್ಲ.

ಶುಕ್ರವಾರ ಬೆಳಗ್ಗೆ ನಿಶ್ಚಿತಾ ಅಂದುಕೊಂಡ ಹಾಗೇ ಇಳಿದು ಬಂದಳು. ಅತ್ತೆ ಬಗ್ಗಿಕೊಂಡು ಒಂದೊಂದೇ ಮೆಟ್ಟಿಲಿಗೆ ಕುಂಕುಮ ಇಡುತ್ತ ಮೇಲೆ ಮೇಲೆ ಹೋದಳು, ಇವಳು ಕೆಳಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತಳು. ಆರಕ್ಕೆ ನಿಂತವಳು ಏಳೂಮುಕ್ಕಾಲರವರೆಗೆ ನಿಂತೇ ಇದ್ದಳು. ಸಾವಿರಾರು ಗಂಡಸರು ಅವಳ ಮುಂದೆ ಹಾದುಹೋದರು. ಯಾರೋ ಪ್ರಸಾದ ಅಂತ ಮೊಸರನ್ನದ ದೊನ್ನೆ ಕೈಗೆ ಕೊಟ್ಟರು, ಅದನ್ನೂ ಹಿಡಿದುಕೊಂಡು ನಿಂತಿದ್ದಳು. ಕೊನೆಗೆ ಅತ್ತೆಯ ಮಗ ಹುಡುಕಿಕೊಂಡು ಬಂದು, ಕಾಲು ನೋವಾ, ಬಾ ಹೋಗಣ ಅಂದಾಗ ಅವನ ಹಿಂದೆ ಹೋದಳು. ಓಡಿಬರಲು ಇಳಿದಿದ್ದಳು ಅಂತ ಆ ಮನೆಯವರಿಗೆ ಕೊನೆಗೂ ತಿಳಿಯಲಿಲ್ಲ.

ಆಮೇಲೆ ಅವಳು ಎದುರು ಮಾತಾಡಲೇ ಇಲ್ಲ. ಆ ಭಾನುವಾರವೇ ಒಪ್ಪಿಗೆ ಶಾಸ್ತ್ರ ಮಾಡಿ ಮುಗಿಸಿದರು. ಆಷಾಢದಲ್ಲಿ. ಹಿರಿಯರು ಅಂತ ಸದಾಶಿವಯ್ಯನವರಿಗೆ ಕಾರು ಬಂತು. ಆಷಾಢ ಅಲ್ಲವೇನಪ್ಪ ಅಂತ ಅವರು ಬಾಯಿ ಬಿಡುವಷ್ಟರಲ್ಲಿ ಮಹಾಂತೇಶ ನಗುತ್ತ, "ನಮಗ್ಯಾವ ಆಷಾಢ ಅಯ್ನೋರೆ, ವರ್ಷಾ ವರ್ಷಾ ಸ್ಟೇಜ್ ಮೇಲೆ ನೀವೇ ಹೇಳ್ತೀರಲ್ಲ," ಅಂದ. ಅವರು ಕೂತರು. ಪಾಯಸದ ಊಟ ಮಾಡಿದರು. ಕಾಲಿಗೆ ಬಿದ್ದ ನಿಶ್ಚಿತಾ ಬಗ್ಗಿಕೊಂಡೇ, ಇವರಿಗೆ ಮಾತ್ರ ಕೇಳುವ ಹಾಗೆ, "ಅವನು ಬರಲಿಲ್ಲ ತಾತ," ಅಂದಳು. "ಒಳ್ಳೇದಾಗ್ಲಿ ಮಗಳೇ," ಅಂದರು ಇವರು. ಆ ಹೊತ್ತಿಗೆ ಯಾರೋ ಒಂದು ಫೋಟೋ ಹೊಡೆದರು. ಹುಡುಗಿ, ಹುಡುಗ, ಮಧ್ಯದಲ್ಲಿ ಕೈ ಎತ್ತಿ ಹರಸುತ್ತಿರುವ ಸದಾಶಿವಯ್ಯ.

ಆ ಫೋಟೋ ಸಂಜೆಗೆಲ್ಲ ಯಾರ್ಯಾರದೋ ಸ್ಟೇಟಸ್ಸಿನಲ್ಲಿ ತಿರುಗಿ ಪ್ರಸಾದನ ಫೋನಿಗೂ ಬಂತು. ಮಂಗಳವಾರ ಬೆಳಗ್ಗೆ ಮೊದಲ ಶಿಫ್ಟಿಗೆ ಹೊರಟವನು ರಿಂಗ್ ರೋಡಿನಲ್ಲಿ ನಿಂತಿದ್ದ ಲಾರಿಗೆ ಬೈಕು ಹೊಡೆದ. ಮಂಜಿರಲಿಲ್ಲ, ಮಳೆಯಿರಲಿಲ್ಲ, ರೋಡು ನೆಟ್ಟಗಿತ್ತು. ಅಪಘಾತ ಅಂತ ಬರೆದುಕೊಂಡರು. ಇಪ್ಪತ್ತಾರು ವರ್ಷ.

ಹಿನಕಲ್ಲಿನ ಅವನ ಮನೆಗೆ ಸದಾಶಿವಯ್ಯ ಹೋದರು. ಹೋಗದೆ ಇರುತ್ತಾರೆಯೇ. ತಾಯಿ ಶಿವನಂಜಮ್ಮ ಅವರ ಕೈ ಹಿಡಿದುಕೊಂಡು ಅತ್ತರು. "ಎಲ್ಡ್ ದಿನ ಅನ್ನ ಮುಟ್ನಿಲ್ಲ ಅಯ್ನೋರೆ. ಒಂದ್ ಮಾತೂ ಯೋಳ್ದೆ ಕೈ ಕೊಟ್ಬುಟ್ಳು ಕಣವ್ವ ಅಂತ ಒಂದೇ ಸಮ ಅಂತಿದ್ದ. ಆ ಹುಡ್ಗಿ ಉದ್ಧಾರ ಆಗಲ್ಲ, ನೋಡ್ತಿರಿ." ಕಾರ್ಖಾನೆಯ ಜನ ಸುತ್ತ ನಿಂತಿದ್ದರು. ಇವರು ತಾಯಿಯ ತಲೆ ಸವರಿ, ವಿಮೆ ಕಾಗದಕ್ಕೆ ಅವಸರದಲ್ಲಿ ಎಲ್ಲೂ ಹೆಬ್ಬೆಟ್ಟು ಒತ್ತಬೇಡಿ, ನಾನು ನೋಡ್ತೀನಿ ಅಂದು ಬಂದರು.

ಶ್ರಾವಣದಲ್ಲಿ ಮದುವೆ ಆಯಿತು. ಮಹಾಂತೇಶನೇ ಧಾರೆ ಎರೆದ.

ಜಗಲಿಗೆ ಬರುವ ಜನ ಕಮ್ಮಿಯಾಗಲಿಲ್ಲ. ಬದಲಿಗೆ, ಎಂಥಾ ಕಷ್ಟದ್ದನ್ನ ಸದ್ದಿಲ್ಲದೆ ಬಗೆಹರಿಸಿದ್ರು ಅಂತ ಮಹಾಂತೇಶ ನಾಲ್ಕು ಕಡೆ ಹೇಳಿದ್ದರಿಂದ ಹೆಚ್ಚಾದರು. ಸದಾಶಿವಯ್ಯನವರಿಗೆ ಮೊದಮೊದಲು ಊಟ ಸೇರುತ್ತಿರಲಿಲ್ಲ. ಆಮೇಲೆ ಸೇರತೊಡಗಿತು. ಹೇಳಿದ್ದರೂ ಆ ಮಹಾಂತೇಶ ಬಿಡುತ್ತಿದ್ದನೇ, ಹಣೆಬರಹ, ಅಂತ ತಮಗೆ ತಾವೇ ಸಲಹೆ ಕೊಟ್ಟುಕೊಂಡರು. ಆ ಸಲಹೆಯನ್ನು ಕೇಳುವವರಲ್ಲಿ ಅವರಿಗಿಂತ ವಿಧೇಯರು ಯಾರೂ ಇರಲಿಲ್ಲ.

ಹೋದ ತಿಂಗಳು ನಿಶ್ಚಿತಾ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವವಳು ಮಗುವನ್ನು ಎತ್ತಿಕೊಂಡು ಹೇಳಿಹೋಗಲು ಬಂದಳು. ಐದು ತಿಂಗಳ ಹೆಣ್ಣು ಮಗು. ಮಂಜುಳಮ್ಮ ಮಗುವನ್ನು ಈಸಿಕೊಂಡು ಕಂಬದ ಪಕ್ಕ ಕೂತರು. ಕಾಫಿ ಆಯಿತು, ಗುಂಡ್ಲುಪೇಟೆಯ ಸುದ್ದಿ ಆಯಿತು. ನಿಶ್ಚಿತಾ ಏಳಲಿಲ್ಲ.

"ತಾತ, ಒಂದು ಕೇಳ್ಬೇಕಿತ್ತು. ಮೊನ್ನೆ ಲಾಸ್ಯ ಸಿಕ್ಕಿದ್ಲು. ಅವಳು ಏನೋ ಅಂದ್ಲು. ನಾನು ಒಂದು ಮಾತೂ ಹೇಳಿ ಕಳಿಸ್ಲಿಲ್ಲ ಅಂತ ಪ್ರಸಾದ್ ಅವಳ ಹತ್ರ ಅತ್ತಿದ್ನಂತೆ." ಅವಳು ಕಾಫಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. "ಅವನು ಹೋದ ಮೇಲೂ ಎರಡು ವರ್ಷ ನಾನು ಅವನನ್ನ ಬೈಕೊಂಡೇ ಬದುಕಿದೀನಿ. ಹೇಡಿ, ನನ್ನ ಅಲ್ಲಿ ನಿಲ್ಸಿ ಬರಲಿಲ್ಲ ಅಂತ. ಹಂಗೆ ಬೈಕೊಂಡಿದ್ರಿಂದ್ಲೇ ಈ ಮದ್ವೆ ಆಗೋಕಾಯ್ತು. ನೀವು ಅವತ್ತು ಅವನಿಗೆ ಹೇಳಿದ್ರಿ ತಾನೆ?"

ಈ ಸಲ ಕ್ಯಾಲೆಂಡರು ನೋಡುವ ಹಾಗಿರಲಿಲ್ಲ, ತಡಿ ಅನ್ನುವ ಹಾಗಿರಲಿಲ್ಲ. ಹೂಂ ಅಥವಾ ಊಹೂಂ. ಸದಾಶಿವಯ್ಯ ಮಗುವಿನ ಕಡೆ ನೋಡಿದರು. ಈಗ ಹೇಳಿ ಈ ಹುಡುಗಿಯ ಸಂಸಾರ ಯಾಕೆ ಕೆಡಿಸಲಿ, ಇವಳ ಒಳ್ಳೇದಕ್ಕೇ ಅಂದುಕೊಂಡರು. ಅಂಥ ಹೊತ್ತಿನಲ್ಲೆಲ್ಲ ಅವರಿಗೆ ಬೇರೆಯವರ ಒಳ್ಳೇದು ನೆನಪಾಗುತ್ತಿತ್ತು.

"ಹೇಳಿದೆ ಮಗಳೇ," ಅಂದರು. "ಬರ್ತೀನಿ ಅಂದಿದ್ದ."

"ಸುಳ್ಳು."

ಅಂದದ್ದು ಮಂಜುಳಮ್ಮ.

ದನಿ ಏರಿಸಲಿಲ್ಲ. ಮಡಿಲಲ್ಲಿದ್ದ ಮಗುವಿನ ಬೆನ್ನು ತಟ್ಟುತ್ತಲೇ ಹೇಳಿದರು. "ಅವನಿಗೆ ಇವರು ಹೇಳ್ಲಿಲ್ಲ ಕಣೇ. ಗುರುವಾರ ಸಂಜೆ ಅವನೇ ಬಂದು ಆ ಮೆಟ್ಟಿಲ ಹತ್ರ ನಿಂತು ಕೇಳ್ದ. ನೀನು ಏನೂ ಹೇಳಿ ಕಳಿಸಿಲ್ಲ ಅಂದ್ರು. ನಿನ್ನ ಮನಸ್ಸು ತಿರುಗಿರ್ಬೇಕು ಅಂದ್ರು. ನಾನು ಒಳಗೆ ಅಕ್ಕಿ ಆರಿಸ್ತಾ ಕೂತಿದ್ದೆ. ಕೇಳಿಸ್ಕೊಂಡು ಸುಮ್ನಿದ್ದೆ. ನನ್ನ ತಪ್ಪೂ ಇದೆ."

ನಿಶ್ಚಿತಾ ಅಳಲಿಲ್ಲ. ಲೋಟವನ್ನು ಕೆಳಗಿಟ್ಟಳು. ಜಗಲಿಯ ಮೆಟ್ಟಿಲ ಕಡೆ ನೋಡಿದಳು. ಸದಾಶಿವಯ್ಯ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿಕೊಂಡರು. ಬೈದುಬಿಟ್ಟರೆ ಸಾಕು, ಶಾಪ ಹಾಕಿದರೂ ಸರಿ, ಅದಕ್ಕೊಂದು ಸಮಾಧಾನ ಹೇಳಬಹುದು ಅನ್ನಿಸಿತು ಅವರಿಗೆ.

"ಅವತ್ತು ಸಂಜೆ," ಅಂದಳು ಅವಳು. ತಾತ ಅನ್ನಲಿಲ್ಲ. "ಅವತ್ತು ಸಂಜೆ ಬಂದಾಗ ಹೆಂಗಿದ್ದ? ಯಾವ ಶರ್ಟ್ ಹಾಕ್ಕೊಂಡಿದ್ದ? ಗಡ್ಡ ಬಿಟ್ಟಿದ್ನಾ? ನಾನು ನೋಡಿ ಅಷ್ಟು ದಿನ ಆಗಿತ್ತು. ಅದೊಂದು ಹೇಳಿ ಸಾಕು."

ಸದಾಶಿವಯ್ಯ ಬಾಯಿ ತೆರೆದರು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಒದ್ದಾಡಿದರು. ಏನೂ ಸಿಗಲಿಲ್ಲ. ಆ ಹುಡುಗ ಅಷ್ಟು ಹೊತ್ತು ಎದುರಿಗೆ ನಿಂತಿದ್ದ, ಇವರು ಅವನ ಮುಖ ನೋಡಿರಲೇ ಇಲ್ಲ.